ಅರಿಷಿಣದ ಗುರುತು

ಅರವತ್ತರ ದಶಕದ ಮೊದಲಿಗೆ ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ಮನೆ ಧಾರವಾಡದಲ್ಲಿ, ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುವುದು. ಬಿ.ಎಸ್ಸಿ. ಮುಗಿಸಿದ ಹುಡುಗಿ ಯಾವುದಾದರೂ ಹೈಸ್ಕೂಲಿನಲ್ಲಿ ಪಾಠ ಹೇಳುವುದು ಬಿಟ್ಟು ಮಂದಿಯ ಉಗುಳು ನೋಡುವ ಕೆಲಸಕ್ಕೆ ಹೋದಳಲ್ಲ ಎಂದು ಬಳಗದವರಿಗೆಲ್ಲ ಬೇಸರ. ಅಪ್ಪನಿಗೆ ಮಾತ್ರ ಚೇಷ್ಟೆ. ಅಲ್ಲಿ ಪರೀಕ್ಷೆಗೆಂದು ಗಿನಿಹಂದಿಗಳನ್ನು ಸಾಕಿದ್ದಾರೆಂದು ನಾನು ಹೇಳಿದ ದಿನ, "ಹಂದಿ ಕಾಯಾಕ ಇಷ್ಟೆಲ್ಲಾ ಓದಬೇಕಿತ್ತೇನವಾ" ಎಂದು ಕೇಳಿದ. ಅದು ಹಂದಿಯಲ್ಲ, ಬಾಲವಿಲ್ಲದ ದೊಡ್ಡ ಇಲಿಯಂಥ ಪ್ರಾಣಿ ಎಂದು ಸಿಡುಕಿದೆ. ಆಗ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈಗಲೂ ಅದೇನು ಬಹಳ ದೂರ ಹೋಗಿಲ್ಲ.

ಪ್ರಯೋಗಾಲಯವೆಂದರೆ ಎರಡು ಕೋಣೆ, ಹಿಂದೊಂದು ಹಿತ್ತಿಲು. ಇದ್ದವರೂ ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು ನನಗಿಂತ ಮೂವತ್ತು ವರ್ಷ ಹಿರಿಯರಾದ ಟೆಕ್ನಿಶಿಯನ್. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಬಾಟಲಿ ತೊಳೆಯಲು ಸೇರಿದ್ದವರು, ನೋಡಿ ನೋಡಿ ಕಲಿತು ಎಲ್ಲ ಕೆಲಸಕ್ಕೂ ಬೇಕಾದವರಾಗಿದ್ದರು. ಕಸಾಯಿಖಾನೆಯಿಂದ ಫ್ಲಾಸ್ಕಿನಲ್ಲಿ ರಕ್ತ ತಂದು, ಮೇಲಿನ ತಿಳಿಯನ್ನು ಬಸಿದು, ಗಾಜಿನ ನಳಿಗೆಗಳಲ್ಲಿ ಓರೆಯಾಗಿ ಹೆಪ್ಪುಗಟ್ಟಿಸುತ್ತಿದ್ದರು. ರೋಗಿಗಳ ಗಂಟಲಿನಿಂದ ಹತ್ತಿಯಲ್ಲಿ ಒರೆಸಿ ತಂದದ್ದನ್ನು ಅದರ ಮೇಲೆ ಸವರಿದರೆ ಮರುದಿನಕ್ಕೆ ಬ್ಯಾಕ್ಟೀರಿಯಾ ಬೆಳೆದಿರುತ್ತಿತ್ತು. ಆ ಫ್ಲಾಸ್ಕು ಮುಟ್ಟಿದೆನೆಂದು ಬಾಯಿ ಬಿಟ್ಟ ದಿನ ಮನೆಯಲ್ಲಿ ನನಗೆ ಸ್ನಾನ ಆಗದೆ ಚಹಾ ಇಲ್ಲ. ಆಮೇಲೆ ಬಾಯಿ ಬಿಡುವುದನ್ನೇ ಬಿಟ್ಟೆ.

ನಮಗೆ ಬರುತ್ತಿದ್ದ ಕೆಲಸದಲ್ಲಿ ನನ್ನ ತಲೆ ಕೆಡಿಸಿದ್ದು ಡಿಫ್ತೀರಿಯಾ. ಜನ ಗಂಟಲಮಾರಿ ಎನ್ನುತ್ತಿದ್ದರು. ಸಣ್ಣ ಮಕ್ಕಳ ಗಂಟಲಲ್ಲಿ ಬೂದು ಪೊರೆ ಕಟ್ಟಿ ಉಸಿರು ಹಿಡಿಯುವ ರೋಗ. ಅದನ್ನು ತರುವ ಬ್ಯಾಕ್ಟೀರಿಯಾ ಸೂಕ್ಷ್ಮದರ್ಶಕದ ಕೆಳಗೆ ಚೀನೀ ಅಕ್ಷರಗಳ ಹಾಗೆ ಕಾಣುತ್ತದೆಂದು ನನ್ನ ಪುಸ್ತಕ ಹೇಳುತ್ತಿತ್ತು. ಚಾಚಾ ನಕ್ಕುಬಿಟ್ಟರು. "ಚೀನಾದವರ ಅಕ್ಷರ ನಾ ಎಲ್ಲಿ ನೋಡ್ಲಿ, ನೀವೆಲ್ಲಿ ನೋಡೀರಿ? ಮೋಡಿ ಬರಹ ನೋಡೀರಲ್ಲ, ಹಳೇ ದಫ್ತರದಾಗ? ಹಂಗ ಕಾಣ್ತಾವ ನೋಡ್ರಿ." ನಿಜವೇ. ಹಸಿರು ಬಣ್ಣ ಕುಡಿದ ಸಣ್ಣ ಕಡ್ಡಿಗಳು ಒಂದಕ್ಕೊಂದು ಅಡ್ಡ ಬಿದ್ದು, ತುದಿಗೆ ಕಪ್ಪು ಚುಕ್ಕೆ ಇಟ್ಟುಕೊಂಡು, ನಮ್ಮ ಅಜ್ಜನ ಕಾಲದ ಮರಾಠಿ ಕಾಗದಪತ್ರಗಳ ಓದಲಾಗದ ಸಾಲುಗಳಂತೆಯೇ ಇರುತ್ತಿದ್ದವು.

ಇಷ್ಟೇ ಆಗಿದ್ದರೆ ನಾನು ಜಾಣೆ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಇದಕ್ಕೆ ದಾಯಾದಿಗಳಿದ್ದವು. ಯಾರ ಮೂಗು, ಗಂಟಲಿನಲ್ಲಾದರೂ ತಮ್ಮ ಪಾಡಿಗೆ ಇರುವ, ಯಾರಿಗೂ ಏನೂ ಮಾಡದ ಬಗೆಗಳು. ಅವುಗಳಲ್ಲಿ ಕೆಲವು ಬೇಲಿಯ ಗೂಟಗಳಂತೆ ಸಾಲಾಗಿ ನಿಂತಿರುತ್ತವೆ; ಅವನ್ನು ಬೇರ್ಪಡಿಸುವುದು ಕಲಿತೆ. ಯಾವ ಸಕ್ಕರೆಯನ್ನು ಹುಳಿ ಮಾಡುತ್ತವೆಂದು ನೋಡಿ ಇನ್ನು ಕೆಲವನ್ನು ಬೇರ್ಪಡಿಸಿದೆ. ಕೊನೆಗೆ ಉಳಿಯುವುದು ಒಂದು ಜಾತಿ: ಅದೇ ಮೋಡಿ ಬರಹ, ಅದೇ ಚುಕ್ಕೆ, ಅದೇ ಸಕ್ಕರೆ, ಎಲ್ಲವೂ ಅದೇ, ಆದರೆ ವಿಷ ಹುಟ್ಟಿಸುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಕಣ್ಣು ನೋವು ಬರುವ ತನಕ ನೋಡಿದರೂ ಯಾವುದು ಕೂಸು ಕೊಲ್ಲುವುದು, ಯಾವುದು ಸುಮ್ಮನೆ ಕೂತಿರುವುದು ಎಂದು ಹೇಳಲು ಬರುವುದಿಲ್ಲ. "ಮುಖಾ ನೋಡಿ ಕುಲಾ ಹೇಳಬಹುದು, ಗುಣಾ ಹೇಳಾಕ ಬರೂದಿಲ್ರಿ" ಎನ್ನುತ್ತಿದ್ದರು ಚಾಚಾ. ನನಗೆ ರೇಗುತ್ತಿತ್ತು. ಗುಣ ತೋರದ ಮುಖವನ್ನು ಇಷ್ಟು ಹೊತ್ತು ನೋಡುವುದಾದರೂ ಯಾಕೆ?

ಗುಣ ಹೇಳುತ್ತಿದ್ದವು ಗಿನಿಹಂದಿಗಳು. ಎರಡನ್ನು ತೆಗೆದುಕೊಳ್ಳುವುದು. ಒಂದಕ್ಕೆ ಹಿಂದಿನ ದಿನವೇ ವಿಷಕ್ಕೆ ಪ್ರತಿಯಾದ ಔಷಧ ಚುಚ್ಚುವುದು, ಇನ್ನೊಂದಕ್ಕೆ ಚುಚ್ಚದಿರುವುದು. ಮರುದಿನ ಎರಡಕ್ಕೂ ನಾವು ಬೆಳೆಸಿದ ಬ್ಯಾಕ್ಟೀರಿಯಾ ಕೊಡುವುದು. ಔಷಧವಿಲ್ಲದ್ದು ಮೂರು-ನಾಲ್ಕು ದಿನದಲ್ಲಿ ಸತ್ತು, ಔಷಧ ಪಡೆದದ್ದು ಬದುಕಿದರೆ ಆ ಬ್ಯಾಕ್ಟೀರಿಯಾ ವಿಷದ್ದು. ಎರಡೂ ಬದುಕಿದರೆ ನಿರಪಾಯದ್ದು. ಬದುಕಿದ್ದನ್ನು ಆಮೇಲೆ ಕೊಂದು ಸುಡಬೇಕೆಂಬುದು ನಿಯಮ. ಯಾಕೆಂದರೆ ಒಮ್ಮೆ ಔಷಧ ಹೊಕ್ಕ ಮೈ ಮುಂದಿನ ವಿಷವನ್ನೂ ತಡೆದುಕೊಳ್ಳುತ್ತದೆ, ಇನ್ನೊಂದು ಪರೀಕ್ಷೆಗೆ ಬರುವುದಿಲ್ಲ.

ಕೊಲ್ಲುವ ಕೆಲಸ ಚಾಚಾ ನನಗೆ ಒಪ್ಪಿಸಿದ್ದರು. ನಾನು ಮಾಡುತ್ತಿರಲಿಲ್ಲ. ಮಾಡಿದೆ ಎಂದು ಪಟ್ಟಿಯಲ್ಲಿ ಬರೆದು, ಬದುಕಿದ್ದನ್ನು ಹಿತ್ತಿಲ ಪಂಜರಕ್ಕೆ ಮರಳಿ ಬಿಡುತ್ತಿದ್ದೆ. ನಮ್ಮ ತಾಯಿಯ ತವರಾದ ಹೆಬ್ಬಳ್ಳಿಯಲ್ಲಿ ದೇವರ ಹೆಸರಿಗೆ ಬಿಟ್ಟ ಹೋರಿಯೊಂದಿತ್ತು. ಹಣೆಗೆ ಅರಿಷಿಣ ಬಳಿದಿರುತ್ತಿದ್ದರು. ಯಾರ ಹೊಲ ಮೇಯ್ದರೂ ಹೊಡೆಯುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ. ಸಾವಿನ ಬಾಯಿಂದ ಬಂದ ಗಿನಿಹಂದಿಯೂ ನನ್ನ ಲೆಕ್ಕದಲ್ಲಿ ಹಾಗೆಯೇ. ಪ್ರಯೋಗಾಲಯದಲ್ಲಿ ಪ್ರಾಣಿಗಳಿಗೆ ಗುರುತು ಹಾಕಲು ಒಂದು ಹಳದಿ ಆಮ್ಲವಿತ್ತು. ಅದನ್ನು ಬಳಸಿದರೆ ಚಾಚಾ ಕೇಳಿಯಾರು. ಮನೆಯಿಂದ ಅರಿಷಿಣ ಕಟ್ಟಿಕೊಂಡು ಹೋಗಿ ನೀರಲ್ಲಿ ಕಲಸಿ ಬೆನ್ನ ಮೇಲೆ ಒಂದು ಗೆರೆ ಎಳೆದೆ. ಎಲ್ಲವೂ ಬಿಳಿಯವಾದ್ದರಿಂದ ಗೆರೆ ಚೆನ್ನಾಗಿ ಕಾಣುತ್ತಿತ್ತು. ಚಾಚಾನ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ಹಿತ್ತಿಲಿಗೆ ಅವರು ಹೆಚ್ಚು ಬರುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಆಸ್ಪತ್ರೆಗೆ ಹತ್ತಿರದ ಓಣಿಯ ಬಾಲವಾಡಿಯಿಂದ ನಾಲ್ಕು ವರ್ಷದ ಒಂದು ಹೆಣ್ಣು ಕೂಸನ್ನು ತಂದರು. ತಡವಾಗಿತ್ತು. ಎರಡನೆಯ ದಿನ ಹೋಯಿತು. ಅದರ ಗಂಟಲಿನದನ್ನು ಬೆಳೆಸಿ ಎರಡು ಗಿನಿಹಂದಿಗೆ ಕೊಟ್ಟೆವು. ಔಷಧವಿಲ್ಲದ್ದು ಸತ್ತಿತು, ಔಷಧ ಪಡೆದದ್ದು ಬದುಕಿತು. ವಿಷದ್ದು ಎಂದು ಬರೆದೆವು. ಬದುಕಿದ್ದಕ್ಕೆ ನಾನು ಅರಿಷಿಣ ಹಚ್ಚಿ ಪಂಜರಕ್ಕೆ ಬಿಟ್ಟೆ.

ಹದಿನೈದು ದಿನಕ್ಕೆ ಅದೇ ಬಾಲವಾಡಿಯಿಂದ ಇನ್ನೊಂದು ಮಗು ಬಂತು. ಅದು ಉಳಿಯಿತು. ಆದರೆ ಡಾಕ್ಟರು ಎಚ್ಚರಾದರು. ಅಲ್ಲಿಯ ಎಲ್ಲ ಮಕ್ಕಳ, ಇಬ್ಬರು ಕೆಲಸದವರ ಗಂಟಲು ಒರೆಸಿ ತರಿಸಿದರು. ಎಲ್ಲ ನಳಿಗೆಗಳೂ ಸ್ವಚ್ಛ; ಒಂದರಲ್ಲಿ ಮಾತ್ರ ಮೋಡಿ ಬರಹ. ಅದು ಬಾಲವಾಡಿಯ ಆಯಾಳದು.

ಅವಳನ್ನು ಮಕ್ಕಳೆಲ್ಲ ದೊಡ್ಡವ್ವ ಎನ್ನುತ್ತಿದ್ದವು, ನಾವೂ ಹಾಗೇ ಅಂದೆವು. ಐವತ್ತರ ಹತ್ತಿರದ ಗಂಡ ಸತ್ತ ಹೆಂಗಸು, ಸ್ವಂತ ಮಕ್ಕಳಿಲ್ಲ. ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಬರುವುದು, ಮಧ್ಯಾಹ್ನ ಸಾಲಾಗಿ ಕೂಡಿಸಿ ಉಣಿಸುವುದು ಅವಳ ಕೆಲಸ. ಬಿಸಿ ಇದೆಯೋ ಎಂದು ಮೊದಲು ತಾನು ತುಟಿಗೆ ಹಚ್ಚಿ ನೋಡಿ, ಊದಿ ಊದಿ ಆರಿಸಿ, ಒಂದೊಂದು ಬಾಯಿಗೆ ಒಂದೊಂದು ತುತ್ತು. ಅವಳಿಗೆ ರೋಗವೇನೂ ಇರಲಿಲ್ಲ. ಬ್ಯಾಕ್ಟೀರಿಯಾ ಮಾತ್ರ ಗಂಟಲಲ್ಲಿ ಮನೆ ಮಾಡಿತ್ತು. ವಿಷದ್ದೋ ಅಲ್ಲವೋ ಗೊತ್ತಾಗುವ ತನಕ ಮಕ್ಕಳ ಹತ್ತಿರ ಹೋಗಬಾರದೆಂದು ಡಾಕ್ಟರು ಅವಳನ್ನು ವಾರ್ಡಿನ ಕೊನೆಯ ಕೋಣೆಯಲ್ಲಿ ಇರಿಸಿದರು.

ಸುದ್ದಿ ಓಣಿಗೆ ಮುಟ್ಟಿತು. ಸತ್ತ ಕೂಸಿನ ತಾಯಿ ಆಸ್ಪತ್ರೆಗೆ ಬಂದು ಆ ಕೋಣೆಯ ಕಿಟಕಿಯ ಮುಂದೆ ನಿಂತು ನೋಡಿ ಹೋದಳಂತೆ. ಗಂಟಲು ಒರೆಸಲು ನಾನು ಹೋದಾಗ ದೊಡ್ಡವ್ವ ಇದನ್ನು ಹೇಳಿದಳು. ಕೆಲಸ ಹೋಗುತ್ತದೆಂದು ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ. "ಬಾಯಾರ, ಆ ಕೂಸಿಗೆ ನನ್ನಿಂದನ ಬಂತೇನ್ರಿ? ಅಷ್ಟು ಹೇಳ್ರಿ ನನಗ. ಬ್ಯಾರೆ ಏನ ಬ್ಯಾಡ." ಪರೀಕ್ಷೆ ಹೇಳುತ್ತದೆ ಎಂದೆ. ಎಂಥ ಗತ್ತಿನಿಂದ ಹೇಳಿದೆನೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಪಂಜರದಿಂದ ಗೆರೆಯಿಲ್ಲದ ಎರಡು ಗಿನಿಹಂದಿಗಳನ್ನು ನಾನೇ ಆರಿಸಿ ತಂದೆ. ಒಂದಕ್ಕೆ ಔಷಧ, ಇನ್ನೊಂದಕ್ಕಿಲ್ಲ. ಮೂರನೆಯ ದಿನ ಎರಡೂ ಕೋಸಿನ ಎಲೆ ತಿನ್ನುತ್ತಿದ್ದವು. ಐದನೆಯ ದಿನವೂ ತಿನ್ನುತ್ತಿದ್ದವು. ಚಾಚಾ ಸ್ಲೈಡನ್ನು ಮತ್ತೆ ಮತ್ತೆ ನೋಡಿದರು. "ಬರಹ ನೋಡಿದರ ಅದನ ಅನಸ್ತೈತಿ" ಎಂದು ತಲೆ ಕೆರೆದುಕೊಂಡರು. ಮುಖ ನೋಡಿ ಗುಣ ಹೇಳಲು ಬರುವುದಿಲ್ಲವೆಂದು ನೀವೇ ಅಲ್ಲವೇ ಹೇಳಿದ್ದು ಎಂದು ನಾನು ಚುಚ್ಚಿದೆ. ನಿರಪಾಯದ್ದು ಎಂದು ಚೀಟಿ ಬರೆದೆ. ಡಾಕ್ಟರು ಸಹಿ ಮಾಡಿದರು. ಅದೇ ದಿನ ದೊಡ್ಡವ್ವ ಬಾಲವಾಡಿಗೆ ಹೋದಳು.

ಎರಡು ದಿನ ಬಿಟ್ಟು ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತಳು. ಆ ಚೀಟಿಯನ್ನು ಸತ್ತ ಕೂಸಿನ ಮನೆಗೆ ಒಯ್ದಿದ್ದಳಂತೆ. ತನಗೆ ಓದಲು ಬರುವುದಿಲ್ಲ, ಕೂಸಿನ ಅಪ್ಪ ಓದಿ ಹೇಳಿದನಂತೆ. "ಆಕಿ ನನ್ನ ತೆಕ್ಕಿಗೆ ಬಿದ್ದು ಅತ್ತಳ್ರಿ. ಮನಿಯಾಗ ಕರದು ಕೂಡ್ಸಿದಳು" ಎಂದಳು. ಹೇಳುವಾಗ ಅವಳ ಮುಖ ಎಷ್ಟು ಹಗುರಾಗಿತ್ತೆಂದರೆ, ಈ ಕೆಲಸಕ್ಕೆ ಸೇರಿದ್ದು ಸಾರ್ಥಕವಾಯಿತು ಎಂದು ನನಗೆ ಅನ್ನಿಸಿತು. ಮನೆಗೆ ಹೋಗಿ ಅಪ್ಪನಿಗೂ ಹೇಳಿದೆ. ಅವತ್ತು ಅವನೂ ಚೇಷ್ಟೆ ಮಾಡಲಿಲ್ಲ.

ಅವಳು ಕೆಲಸಕ್ಕೆ ಮರಳಿದ ಎಂಟನೆಯ ದಿನ ಪಂಜರ ತೊಳೆಯಲೆಂದು ಗಿನಿಹಂದಿಗಳನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದೆ. ದೊಡ್ಡವ್ವನ ಪರೀಕ್ಷೆ ಮುಗಿದ ಮೇಲೆ ಆ ಎರಡಕ್ಕೂ ಬೆನ್ನಿಗೆ ಹೊಸ ಅರಿಷಿಣದ ಗೆರೆ ಹಚ್ಚಿ ಬಿಟ್ಟಿದ್ದೆ; ಅವುಗಳಲ್ಲಿ ಔಷಧ ಕೊಡದಿದ್ದುದನ್ನು ಎತ್ತಿದಾಗ ಅದರ ಮುಂಗಾಲಿನ ಸಂದಿಯಲ್ಲಿ ಹಳದಿ ಕಂಡಿತು. ನಾನು ಸಂದಿಗೆ ಹಚ್ಚಿರಲಿಲ್ಲ. ಬೆರಳಿನಿಂದ ಕೂದಲು ಬಿಡಿಸಿ ನೋಡಿದೆ. ಹಳೆಯ ಅರಿಷಿಣ, ಒಣಗಿ ಕೂತದ್ದು. ಹಿಂದೊಮ್ಮೆ ಬೆನ್ನಿಗೆ ಹಚ್ಚಿದ್ದು ಹಸಿಯಿದ್ದಾಗ ಇಳಿದು ಅಲ್ಲಿ ಸೇರಿತ್ತು. ಬೆನ್ನಿನ ಹಳೆಯ ಗೆರೆ ಮಾತ್ರ ನಾನು ಹೊಸದು ಹಚ್ಚುವ ಮೊದಲೇ ಮಾಯವಾಗಿತ್ತು.

ಚಳಿಯೆಂದು ನಾನು ದಿನಾ ಬೆಳಿಗ್ಗೆ ಪಂಜರವನ್ನು ಎಳೆದು ಬಿಸಿಲಿಗೆ ಇಡುತ್ತಿದ್ದೆ. ಸೀರೆಗೆ ಬಿದ್ದ ಅರಿಷಿಣದ ಕಲೆ ಬಿಸಿಲಿಗೆ ಹಾಕಿದರೆ ತಾನಾಗಿ ಹೋಗುತ್ತದೆಂದು ಗೊತ್ತಿಲ್ಲದ ಹೆಂಗಸು ನಮ್ಮ ಕಡೆ ಇದ್ದಾಳೆಯೇ? ನಾನೇ ಎಷ್ಟು ಸಲ ಹಾಗೆ ಕಲೆ ತೆಗೆದಿಲ್ಲ. ಬಿ.ಎಸ್ಸಿ. ಓದಿದ ನನ್ನ ತಲೆಗೆ ಅದು ಹೊಳೆದಿರಲಿಲ್ಲ. ದೇವರಿಗೆ ಬಿಟ್ಟ ಪ್ರಾಣಿಯನ್ನೇ ನಾನು ಮತ್ತೆ ನೊಗಕ್ಕೆ ಹೂಡಿದ್ದೆ. ಹಿಂದೆ, ಬಹುಶಃ ಸತ್ತ ಕೂಸಿನ ಪರೀಕ್ಷೆಯಲ್ಲೇ, ಔಷಧ ಪಡೆದು ಬದುಕಿದ್ದು, ದೊಡ್ಡವ್ವನ ಪರೀಕ್ಷೆಯಲ್ಲಿ ಔಷಧವಿಲ್ಲದ್ದು ಎಂಬ ಲೆಕ್ಕದಲ್ಲಿ ನಿಂತು ಮತ್ತೆ ಬದುಕಿತ್ತು.

ಆಗ ಶುರುವಾದ ಗೊಂದಲವನ್ನು ಹೇಗೆ ಹೇಳಲಿ. ಪರೀಕ್ಷೆ ತಪ್ಪೆಂದರೆ ಉತ್ತರವೂ ತಪ್ಪೆಂದು ಅರ್ಥವೇ? ಬ್ಯಾಕ್ಟೀರಿಯಾ ನಿಜವಾಗಿ ನಿರಪಾಯದ್ದೇ ಆಗಿದ್ದು, ಯಾವ ಗಿನಿಹಂದಿ ಇದ್ದರೂ ಬದುಕುತ್ತಿತ್ತೇನೋ. ಅಥವಾ ವಿಷದ್ದೇ ಆಗಿದ್ದು, ಅವಳು ಎಂಟು ದಿನ ಊದಿ ಊದಿ ಉಣಿಸಿರಬಹುದು. ನನಗೆ ಗೊತ್ತಿದ್ದದ್ದು ಒಂದೇ: ನನಗೆ ಏನೂ ಗೊತ್ತಿಲ್ಲ. ಹೇಳಿದರೆ ನನ್ನ ಕೆಲಸ ಹೋಗಬಹುದು. ಅದಕ್ಕಿಂತ ಆ ಹಗುರಾದ ಮುಖ ನೆನಪಾಗಿ ನಾಲಿಗೆ ಏಳಲಿಲ್ಲ. ಆ ಸಂಜೆ ಯಾರಿಗೂ ಹೇಳದೆ ರೈಲು ಹತ್ತಿದೆ. ಧಾರವಾಡ ಬಂದದ್ದೇ ತಿಳಿಯಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು ತೋಳು ಅಲುಗಿಸಿ ಇಳಿಸಿದಳು. ಆ ಒಂದು ದಿನ ಸುಮ್ಮನಿದ್ದದ್ದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ. ಹೆದರಿದ್ದೆ, ಅಷ್ಟೇ.

ಮರುದಿನ ಬೆಳಿಗ್ಗೆ ಹೋದವಳೇ ಗಿನಿಹಂದಿಯನ್ನು ಚಾಚಾನ ಮುಂದೆ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ಕೂದಲು ಬಿಡಿಸಿ, ಕಣ್ಣ ಹತ್ತಿರ ಹಿಡಿದು ಹಳದಿ ನೋಡಿದರು. ಬಯ್ಯಲಿಲ್ಲ. ಬೈದಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗುತ್ತಿದ್ದೆ. "ಕರುಣಾ ಚಲೋನ ಐತ್ರಿ. ಪಟ್ಟಿಯಾಗ ಸುಳ್ಳ ಬರದು ಮಾಡಬಾರದಿತ್ತು" ಎಂದರು. ಆಮೇಲೆ ಟೋಪಿ ಸರಿಮಾಡಿಕೊಂಡು, "ನಾನೂ ಹಿತ್ತಲಕ್ಕ ಬಂದು ನೋಡಬೇಕಿತ್ತು. ಕಣ್ಣಿನ ಮಾತು ಯಾರಿಗೂ ಹೇಳಿಲ್ಲ ನಾ. ಬರ್ರಿ, ಡಾಕ್ಟರ ಕಡೆ ಇಬ್ಬರೂ ಹೋಗೂಣು" ಎಂದರು.

ಡಾಕ್ಟರು ನನ್ನನ್ನು ಒಂದು ಸಲ ನೋಡಿದರು, ಬೈಯಲು ವೇಳೆ ಇಲ್ಲದವರ ಹಾಗೆ. ದೊಡ್ಡವ್ವನನ್ನು ಅಂದೇ ಕರೆಸಿ ಮತ್ತೆ ಕೊನೆಯ ಕೋಣೆಯಲ್ಲಿಟ್ಟರು. ಮೊದಲು ಗಂಟಲು ಒರೆಸಿಕೊಂಡು, ಆಮೇಲೆ ಪೆನಿಸಿಲಿನ್ ಇಂಜೆಕ್ಷನ್ ಶುರು ಮಾಡಿದರು. ಬಾಲವಾಡಿಯ ಮಕ್ಕಳ ಗಂಟಲನ್ನು ಮತ್ತೊಮ್ಮೆ ಒರೆಸಿ ತರಿಸಿದರು. ಆ ನಳಿಗೆಗಳನ್ನು ನಾನು ಚಾಚಾನ ಕಡೆ ಸರಿಸಿದೆ, ಅವರೇ ಬಿಚ್ಚಿದರು. ಎಲ್ಲವೂ ಸ್ವಚ್ಛ. ಯಾಕೆ ಸ್ವಚ್ಛ, ಆ ಎಂಟು ದಿನದ ತುತ್ತುಗಳಲ್ಲಿ ಒಂದೂ ಯಾಕೆ ತಗಲಲಿಲ್ಲ, ನನಗೆ ತಿಳಿಯದು. ಡಾಕ್ಟರಿಗೂ ತಿಳಿಯಲಿಲ್ಲ.

ಚಾಚಾ ಎಲ್ಲಿಂದಲೋ ಎರಡು ಹೊಸ ಗಿನಿಹಂದಿ ತರಿಸಿದರು. ಈ ಸಲ ನಾನು ಬರೀ ನಿಂತು ನೋಡಿದೆ. ಔಷಧವಿಲ್ಲದ್ದು ಬದುಕಲಿ ಎಂದು ನಾನು ಬೇಡಿಕೊಂಡಷ್ಟು ಯಾವ ಮನುಷ್ಯರಿಗಾಗಿಯೂ ಬೇಡಿಕೊಂಡಿರಲಿಲ್ಲ. ಎರಡನೆಯ ದಿನ ಎಲೆ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಂದಾಗ ಪಂಜರದ ಮೂಲೆಯಲ್ಲಿ ಸತ್ತು ಬಿದ್ದಿತ್ತು. ಔಷಧ ಪಡೆದದ್ದು ಅದರ ಪಕ್ಕದಲ್ಲೇ ಎಲೆ ತಿನ್ನುತ್ತಿತ್ತು.

"ದೊಡ್ಡವ್ವಗ ಹೇಳೂದೇನ ಬ್ಯಾಡ. ಗಂಟಲಾ ಸ್ವಚ್ಛ ಆದರ ಮುಗೀತು. ಹೋದ ಕೂಸು ತಿರುಗಿ ಬರೂದಿಲ್ಲ, ಈಕಿನ್ನ ಯಾಕ ಸುಡಬೇಕು?" ಎಂದರು ಡಾಕ್ಟರು. ಅದರಲ್ಲಿ ಕರುಣೆಯಿತ್ತೋ, ನಮ್ಮ ತಪ್ಪು ಹೊರಗೆ ಹೋಗದಿರಲಿ ಎಂಬ ಜಾಣತನವಿತ್ತೋ, ಬೇರ್ಪಡಿಸಿ ನೋಡಲು ನನಗೆ ಆಗಲಿಲ್ಲ. ಈಗಲೂ ಆಗಿಲ್ಲ. ಸರಿ ಎಂದು ತಲೆಯಾಡಿಸಿ ಬಂದೆ.

ಇಂಜೆಕ್ಷನ್ನು ಮುಗಿದ ಮೇಲೆ ಮೂರು ಸಲ ಗಂಟಲು ಒರೆಸಿ ನೋಡಿದೆವು. ಮೂರೂ ಸ್ವಚ್ಛ ಬಂದ ದಿನ ಚೀಟಿ ಕೊಡಲು ದೊಡ್ಡವ್ವನನ್ನು ಪ್ರಯೋಗಾಲಯಕ್ಕೆ ಕರೆದೆ. ಚಾಚಾ ಊಟಕ್ಕೆ ಹೋಗಿದ್ದರು. ಚೀಟಿಯ ಜೊತೆಗೆ ನಮ್ಮ ದೊಡ್ಡ ರಿಜಿಸ್ಟರನ್ನೂ ತುಂಬಬೇಕಿತ್ತು. ಅದರ ಕೊನೆಯ ಅಂಕಣ, ಸೋಂಕು ಯಾರಿಂದ ಬಂತು ಎಂಬುದು, ಸತ್ತ ಕೂಸಿನ ಸಾಲಿನಲ್ಲಿ ಇನ್ನೂ ಖಾಲಿ ಇತ್ತು.

ಅವಳು ಸ್ಟೂಲಿನ ಮೇಲೆ ಕೂತು ರೆಟ್ಟೆ ತಿಕ್ಕಿಕೊಳ್ಳುತ್ತ ಕೇಳಿದಳು. "ಏನೂ ಇಲ್ಲದಾಕಿಗೆ ಇಷ್ಟು ಇಂಜೆಕ್ಷನ್ ಯಾಕ್ರಿ ಬಾಯಾರ?"

ಹೇಳುವುದು ಬೇಡವೆಂದ ಡಾಕ್ಟರ ಮಾತು ನೆನಪಿತ್ತು. ಅದನ್ನು ಮೀರಿದೆ. "ಮೊದಲಿನ ಪರೀಕ್ಷಾ ತಪ್ಪಾಗಿತ್ತು. ತಪ್ಪು ನಂದು. ನಿಮ್ಮ ಗಂಟಲಾಗ ಇದ್ದದ್ದು ವಿಷದ್ದನ" ಎಂದೆ.

ಅವಳು ರೆಟ್ಟೆ ತಿಕ್ಕುವುದನ್ನು ನಿಲ್ಲಿಸಿದಳು. "ಕೂಸಿನ ಗಂಟಲಾಗ ಇದ್ದದ್ದು?"

"ಅದನ."

"ಅಂದ್ರ ನನ್ನಿಂದನ."

"ಹಂಗ ಹೇಳಾಕ ಬರೂದಿಲ್ಲ" ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ಅದು ನಿಜವೇ ಆಗಿತ್ತು. "ಯಾವ ಜಾತಿ ಅಂತ ಗೊತ್ತಾಗ್ತೈತಿ. ಯಾರಿಂದ ಯಾರಿಗೆ ಹೋತು ಅಂತ ಗೊತ್ತಾಗೂದಿಲ್ಲ. ನಿಮ್ಮಿಂದ ಕೂಸಿಗೆ ಹೋಗಿರಬಹುದು. ಕೂಸಿನಿಂದನ ನಿಮಗ ಬಂದಿರಬಹುದು. ಅದರ ಬಾಯಾಗ ನೀವು ಕೈ ಇಟ್ಟು ಉಣಸ್ತಿದ್ರಲ್ಲ."

"ಈ ಕಾಚಿನಾಗ ನೋಡಿದರ ಕಾಣ್ಸೂದಿಲ್ಲೇನ್ರಿ ಅದು?" ಎಂದು ಸೂಕ್ಷ್ಮದರ್ಶಕದ ಕಡೆ ಕೈ ತೋರಿಸಿದಳು.

"ಇಲ್ರಿ. ಯಾವುದರಾಗೂ ಕಾಣ್ಸೂದಿಲ್ಲ."

ಅವಳು ಅಳಲಿ, ನನಗೆ ಬೈಯಲಿ ಎಂದು ಕಾದೆ. ಅವಳು ಮೇಜಿನ ಮೇಲೆ ತೆರೆದಿದ್ದ ರಿಜಿಸ್ಟರನ್ನು ನೋಡುತ್ತಿದ್ದಳು. "ಇದರಾಗ ಬರೀತೀರೇನ್ರಿ, ಯಾರಿಂದ ಅಂತ?"

"ಬರೀಬೇಕ್ರಿ."

"ಹಂಗಾದರ ನಾನ ಕೊಟ್ಟೇನಿ ಅಂತ ಬರೀರಿ. ನಾಕು ವರ್ಷದ ಕೂಸದು. ಅದು ನನಗ ಕೊಟ್ಟಿತು ಅಂತ ಎಲ್ಲ್ಯಾರ ಬರದಿಟ್ಟೀರಿ. ಅದರ ಮ್ಯಾಲ ಹಾಕಬ್ಯಾಡ್ರಿ."

ನಾನು ಪೆನ್ನು ಎತ್ತಿಕೊಂಡೆ. ಅವಳು ಎದ್ದು ಬಂದು, ಅಕ್ಷರ ಬಾರದ ಕಣ್ಣಿನಿಂದ ನನ್ನ ಕೈಯನ್ನೇ ನೋಡುತ್ತ ಪಕ್ಕದಲ್ಲಿ ನಿಂತಳು. ಆ ಖಾಲಿ ಅಂಕಣದಲ್ಲಿ 'ತಿಳಿದುಬಂದಿಲ್ಲ' ಎಂದು ಬರೆದೆ.

"ಬರದೀರೇನ್ರಿ?" ಎಂದಳು.

"ಬರದೇನಿ" ಎಂದೆ.